ಬ್ರೌಸರ್ ಯಾರ ಮಾತು ಕೇಳಬೇಕು?

2025ರ ಏಪ್ರಿಲ್ ಕೊನೆಯಲ್ಲಿ ಫೈರ್‌ಫಾಕ್ಸ್ 138ನೇ ಆವೃತ್ತಿ ಬಂದಾಗ ಅದರ ದೊಡ್ಡ ಸುದ್ದಿ ಟ್ಯಾಬ್ ಗುಂಪುಗಳದ್ದಾಗಿತ್ತು. ತೆರೆದಿಟ್ಟ ಹತ್ತಾರು ಪುಟಗಳನ್ನು ಕೆಲಸಕ್ಕೆ ತಕ್ಕಂತೆ ಒಟ್ಟು ಮಾಡಿ, ಹೆಸರು ಬಣ್ಣ ಕೊಟ್ಟು, ಬೇಡವಾದಾಗ ಮಡಿಚಿಡುವ ಈ ಅನುಕೂಲವನ್ನು ಬಳಕೆದಾರರು ವರ್ಷಗಟ್ಟಲೆ ಕೇಳುತ್ತ ಬಂದಿದ್ದರು. ಆದರೆ ಫೈರ್‌ಫಾಕ್ಸ್‌ಗೆ ಇದು ಹೊಸದಲ್ಲ. 2011ರ ಮಾರ್ಚ್‌ನಲ್ಲಿ ಬಂದ 4ನೇ ಆವೃತ್ತಿಯಲ್ಲೇ ಪನೋರಮಾ ಎಂಬ ಹೆಸರಿನಲ್ಲಿ ಇಂಥದೇ ಏರ್ಪಾಟು ಇತ್ತು. ಬಳಸುವವರು ತೀರ ಕಡಿಮೆ, ಕೋಡ್ ನೋಡಿಕೊಳ್ಳುವ ಹೊರೆ ಜಾಸ್ತಿ ಎಂದು 2016ರಲ್ಲಿ 45ನೇ ಆವೃತ್ತಿ ಹೊರಬಂದಾಗ ಅದನ್ನು ತೆಗೆದುಹಾಕಿದರು. ಒಂಬತ್ತು ವರ್ಷ ಕಳೆದ ಮೇಲೆ, ಉಳಿದ ಬ್ರೌಸರ್‌ಗಳಲ್ಲೆಲ್ಲ ಅದು ಮಾಮೂಲಾದ ಮೇಲೆ, ಹೊಸದಾಗಿ ಬರೆದು ತಂದರು. ಹೊಸ ಆವೃತ್ತಿಗಳ ಕುರಿತ ಬರಹಗಳು ಬಹುಪಾಲು ಏನೇನು ಬಂತು ಎಂಬ ಪಟ್ಟಿಯಲ್ಲೇ ಮುಗಿದುಹೋಗುತ್ತವೆ. ಸೌಲಭ್ಯ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದರಿಂದ ತಿಳಿಯುವುದು ಸ್ವಲ್ಪ. ಏನು ಬರಬೇಕು, ಏನು ಹೋಗಬೇಕು ಎಂದು ತೀರ್ಮಾನಿಸುವವರು ಯಾರು, ಅವರ ಸಂಬಳ ಎಲ್ಲಿಂದ ಬರುತ್ತದೆ, ತೀರ್ಮಾನ ಒಪ್ಪದವನಿಗೆ ಬೇರೆ ದಾರಿ ಉಂಟೆ ಎಂದು ನೋಡಿದರೆ ತಿಳಿಯುವುದು ಹೆಚ್ಚು. ಸೋರ್ಸ್ ಕೋಡ್ ಮುಕ್ತವಾಗಿರುವುದು ಅಗತ್ಯ, ಅಷ್ಟೇ ಸಾಲದು. ಆ ಕೋಡನ್ನು ದಿನವೂ ಕಾಯುವವರ ಜೀವನ ಬಳಕೆದಾರರ ಹಣದಿಂದ ಎಷ್ಟರಮಟ್ಟಿಗೆ ನಡೆಯುತ್ತದೋ ಅಷ್ಟರಮಟ್ಟಿಗೆ ತಂತ್ರಾಂಶ ಬಳಕೆದಾರರ ಮಾತು ಕೇಳುತ್ತದೆ. ಬ್ರೌಸರ್ ಮತ್ತು ಇಮೇಲ್ ತಂತ್ರಾಂಶಗಳ ಕಳೆದ ಕೆಲವು ವರ್ಷಗಳ ಬೆಳವಣಿಗೆ ಈ ಮಾತಿಗೆ ಸಾಕಷ್ಟು ಪುರಾವೆ ಒದಗಿಸಿದೆ.

ಮೊದಲು ಆವೃತ್ತಿಗಳ ವೇಗದ ವಿಚಾರ. 2011ರವರೆಗೆ ಫೈರ್‌ಫಾಕ್ಸ್‌ನ ದೊಡ್ಡ ಆವೃತ್ತಿ ವರ್ಷಕ್ಕೊಂದು ಬಂದರೆ ಹೆಚ್ಚು. ಆಮೇಲೆ ಆರು ವಾರಕ್ಕೊಂದಾಯಿತು, 2020ರಿಂದ ನಾಲ್ಕು ವಾರಕ್ಕೊಂದು. ಇಷ್ಟು ಅವಸರವನ್ನು ತಾಳಲಾರದ ಕಚೇರಿ, ವಿಶ್ವವಿದ್ಯಾಲಯಗಳಿಗಾಗಿ 2012ರಿಂದ ಇಎಸ್ಆರ್ ಎಂಬ ದೀರ್ಘಾವಧಿ ಆವೃತ್ತಿ ಬೇರೆಯಾಗಿ ನಡೆಯುತ್ತಿದೆ. ಅದಕ್ಕೆ ವರ್ಷವಿಡೀ ಭದ್ರತಾ ತಿದ್ದುಪಡಿ ಮಾತ್ರ ಬರುತ್ತದೆ, ರೂಪ ಬದಲಾಗುವುದಿಲ್ಲ. ತಿಂಗಳಿಗೊಮ್ಮೆ ಬಂದು ಕಿರಿಕಿರಿ ಮಾಡುವ ಅಪ್‌ಡೇಟ್‌ಗಳ ಬಗ್ಗೆ ದೂರುವವರಿಗೆ 2024ರ ಅಕ್ಟೋಬರ್‌ನ ಪ್ರಸಂಗ ಉತ್ತರ ಕೊಡುತ್ತದೆ. ಪುಟದ ಅನಿಮೇಶನ್‌ಗಳನ್ನು ನಿಭಾಯಿಸುವ ಭಾಗದಲ್ಲಿದ್ದ ಒಂದು ದೋಷವನ್ನು ದುಷ್ಕರ್ಮಿಗಳು ಆಗಲೇ ಬಳಸುತ್ತಿದ್ದಾರೆ ಎಂದು ಇಸೆಟ್ ಎಂಬ ಭದ್ರತಾ ಸಂಸ್ಥೆ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾಗೆ ತಿಳಿಸಿತು. ದೋಷವನ್ನು ಪತ್ತೆಹಚ್ಚಿ, ಸರಿಪಡಿಸಿ, ಪರೀಕ್ಷಿಸಿ, ಜಗತ್ತಿಗೆಲ್ಲ ಕಳುಹಿಸಲು ಹಿಡಿದದ್ದು 25 ಗಂಟೆ. ಈ ಸಾಮರ್ಥ್ಯ ಹವ್ಯಾಸಿಗಳ ಬಿಡುವಿನ ವೇಳೆಯಿಂದ ಬರುವಂಥದ್ದಲ್ಲ. ಸಂಬಳ ಪಡೆದು ಅದೇ ಕೆಲಸಕ್ಕೆ ಕುಳಿತವರಿಂದ ಬರುತ್ತದೆ. ಮುಕ್ತ ತಂತ್ರಾಂಶವೆಂದರೆ ಪುಕ್ಕಟೆ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಪುಕ್ಕಟೆಯಾಗಿರುವುದು ಪಡೆಯುವವರಿಗೆ ಮಾತ್ರ.

ಬಳಕೆದಾರರ ಪರವಾದ ತೀರ್ಮಾನ ಹೇಗಿರುತ್ತದೆ ಎಂಬುದಕ್ಕೆ ಕುಕಿಗಳ, ಅಂದರೆ ತಾಣಗಳು ನಮ್ಮ ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತುಗಳ ವಿಚಾರವೇ ಒಳ್ಳೆಯ ಉದಾಹರಣೆ. ನಾವು ಓದುವ ಸುದ್ದಿತಾಣ, ಬಟ್ಟೆ ಕೊಳ್ಳುವ ತಾಣ, ಕಾಯಿಲೆಯ ಬಗ್ಗೆ ಹುಡುಕುವ ತಾಣ ಎಲ್ಲದರೊಳಗೂ ಒಂದೇ ಜಾಹೀರಾತು ಕಂಪನಿಯ ತುಣುಕು ಇದ್ದರೆ, ಮೂರೂ ಕಡೆ ಬಂದವರು ಒಬ್ಬರೇ ಎಂದು ಅದಕ್ಕೆ ಗೊತ್ತಾಗುತ್ತದೆ. ಇಂಥ ಮೂರನೆಯವರ ಕುಕಿಗಳಲ್ಲಿ ಬೆನ್ನು ಹತ್ತುವವೆಂದು ಗುರುತಿಸಿದವನ್ನು ಫೈರ್‌ಫಾಕ್ಸ್ 2019ರಿಂದ ತಾನಾಗಿಯೇ ತಡೆಯತೊಡಗಿತು. 2022ರ ಜೂನ್‌ನಿಂದ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ತಾಣದ ಕುಕಿಗಳನ್ನೂ ಆ ತಾಣದ ಮಟ್ಟಿಗೇ ಕಟ್ಟಿಹಾಕಿತು. ಒಂದು ಕಡೆ ಇಟ್ಟ ಗುರುತನ್ನು ಇನ್ನೊಂದು ಕಡೆ ಓದಲಾಗದು. ಇದಕ್ಕೆ ಬಳಕೆದಾರ ಯಾವ ಸೆಟ್ಟಿಂಗನ್ನೂ ಮುಟ್ಟಬೇಕಾಗಿಲ್ಲ. ಇದೇ ಅವಧಿಯಲ್ಲಿ ಗೂಗಲ್ ಏನು ಮಾಡಿತು? ಕ್ರೋಮ್‌ನಿಂದ ಮೂರನೆಯವರ ಕುಕಿಗಳನ್ನು ಎರಡು ವರ್ಷದೊಳಗೆ ತೆಗೆಯುವುದಾಗಿ 2020ರ ಜನವರಿಯಲ್ಲಿ ಸಾರಿತು. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. 2025ರ ಏಪ್ರಿಲ್‌ನಲ್ಲಿ, ಬೇಕೆ ಬೇಡವೆ ಎಂದು ಬಳಕೆದಾರರನ್ನು ಪ್ರತ್ಯೇಕವಾಗಿ ಕೇಳುವುದೂ ಇಲ್ಲ ಎಂದಿತು. ಗೂಗಲ್‌ನ ಎಂಜಿನಿಯರ್‌ಗಳಿಗೆ ಇದು ಗೊತ್ತಿಲ್ಲದ ವಿದ್ಯೆಯೇನಲ್ಲ. ಜಾಹೀರಾತಿನಿಂದ ಬದುಕುವ ಕಂಪನಿಯೊಂದು ಜಾಹೀರಾತು ಉದ್ಯಮದ ಬುಡ ಅಲುಗಿಸಲು ಹೊರಟರೆ ಎಷ್ಟು ದೂರ ಹೋಗಬಲ್ಲದು ಎಂಬುದಷ್ಟೇ ಅಲ್ಲಿ ತೀರ್ಮಾನವಾದದ್ದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಕ್ರೋಮ್‌ನ ಒಡಲಾದ ಕ್ರೋಮಿಯಂ ಕೂಡ ಮುಕ್ತ ತಂತ್ರಾಂಶವೇ. 2008ರ ಸೆಪ್ಟೆಂಬರ್‌ನಿಂದ ಅದರ ಕೋಡ್ ಎಲ್ಲರಿಗೂ ಲಭ್ಯ. ಬ್ರೇವ್, ವಿವಾಲ್ಡಿ, ಒಪೆರಾ, ಮೈಕ್ರೋಸಾಫ್ಟ್‌ನ ಎಡ್ಜ್ ಎಲ್ಲವೂ ಅದರ ಮೇಲೆ ನಿಂತಿವೆ. ಗೂಗಲ್ ತೀರ್ಮಾನ ಒಪ್ಪದವರು ಕೋಡ್ ತೆಗೆದುಕೊಂಡು ತಮ್ಮ ದಾರಿ ಹಿಡಿಯಬಹುದಲ್ಲ? ಹಿಡಿದವರೂ ಇದ್ದಾರೆ. ವೆಬ್ ಪುಟವನ್ನು ತೆರೆಗೆ ತರುವ ಇವತ್ತಿನ ಕ್ರೋಮಿಯಂ ಎಂಜಿನ್ ಹುಟ್ಟಿದ್ದೇ ಹಾಗೆ: ಲಿನಕ್ಸ್‌ನ ಕೆಡಿಇ ಬಳಗ ಬರೆದ ಕೆಎಚ್‌ಟಿಎಂಎಲ್ ಎಂಬ ಸಣ್ಣ ಎಂಜಿನ್ನನ್ನು ಆಪಲ್ ತೆಗೆದುಕೊಂಡು ವೆಬ್‌ಕಿಟ್ ಮಾಡಿತು, 2013ರಲ್ಲಿ ಗೂಗಲ್ ವೆಬ್‌ಕಿಟ್‌ನಿಂದ ಕವಲೊಡೆದು ಬ್ಲಿಂಕ್ ಮಾಡಿತು. ಕೆಡಿಇ ಬಳಗ ಆ ಕೋಡನ್ನು ಮುಕ್ತವಾಗಿಡದೆ ಇದ್ದಿದ್ದರೆ ಜಗತ್ತಿನ ಬಹುಪಾಲು ಫೋನುಗಳ ಬ್ರೌಸರ್‌ಗಳು ಈಗಿರುವಂತೆ ಇರುತ್ತಿರಲಿಲ್ಲ. ಆದರೆ ಈ ಕವಲುಗಳ ವಂಶಾವಳಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಕವಲೊಡೆದು ಬದುಕಿದವರು ಆಪಲ್ ಮತ್ತು ಗೂಗಲ್. ಸ್ವಂತ ಎಂಜಿನ್ ಇದ್ದ ಒಪೆರಾ 2013ರಲ್ಲಿ ಅದನ್ನು ಬಿಟ್ಟು ಕ್ರೋಮಿಯಂಗೆ ಬಂತು. ಹಣಕ್ಕೇನೂ ಕೊರತೆ ಇಲ್ಲದ ಮೈಕ್ರೋಸಾಫ್ಟ್ ಕೂಡ 2018ರ ಡಿಸೆಂಬರ್‌ನಲ್ಲಿ ಕೈಚೆಲ್ಲಿ, 2020ರ ಜನವರಿಯಲ್ಲಿ ಕ್ರೋಮಿಯಂ ಆಧರಿಸಿದ ಎಡ್ಜ್ ತಂದಿತು. ಕೋಡ್ ಪಡೆಯುವ ಹಕ್ಕು ಎಲ್ಲರಿಗೂ ಇದೆ, ಅದನ್ನು ಒಂಟಿಯಾಗಿ ಹೊತ್ತು ನಡೆಯುವ ಶಕ್ತಿ ಕೆಲವರಿಗೆ ಮಾತ್ರ.

ಇದರ ಪರಿಣಾಮ, ಬ್ರೌಸರ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳ ವಿಚಾರದಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮಾವಳಿಯನ್ನು ಗೂಗಲ್ ಜಾರಿಗೆ ತಂದಾಗ, ಪುಟವೊಂದು ಹೊರಗೆ ಕಳುಹಿಸುವ ಪ್ರತಿ ಕೋರಿಕೆಯನ್ನೂ ಆ ಕ್ಷಣದಲ್ಲೇ ಪರಿಶೀಲಿಸಿ ತಡೆಯುವ ಅಧಿಕಾರವನ್ನು ಎಕ್ಸ್‌ಟೆನ್ಶನ್‌ಗಳಿಂದ ಹಿಂತೆಗೆದುಕೊಂಡಿತು. ಏನೇನು ತಡೆಯಬೇಕೆಂದು ಮೊದಲೇ ನಿಯಮಗಳ ಪಟ್ಟಿ ಕೊಡಬೇಕು, ಜಾರಿ ಮಾಡುವುದು ಬ್ರೌಸರ್. ಜಾಹೀರಾತು ಮತ್ತು ಜಾಡು ಹಿಡಿಯುವ ತುಣುಕುಗಳನ್ನು ತಡೆಯುವುದರಲ್ಲಿ ಹೆಸರಾದ ಯೂಬ್ಲಾಕ್ ಒರಿಜಿನ್ ಹಳೆಯ ಅಧಿಕಾರದ ಮೇಲೆಯೇ ನಿಂತಿತ್ತು. 2024 ಮತ್ತು 2025ರಲ್ಲಿ ಕ್ರೋಮ್ ಅದನ್ನು ಹಂತಹಂತವಾಗಿ ನಿಷ್ಕ್ರಿಯಗೊಳಿಸಿತು. ಅದನ್ನು ಬರೆದ ರೇಮಂಡ್ ಹಿಲ್ ಕ್ರೋಮ್ ಬಳಕೆದಾರರಿಗಾಗಿ ಲೈಟ್ ಎಂಬ ಸೀಮಿತ ರೂಪವನ್ನು ಕೊಡಬೇಕಾಯಿತು. ಗೂಗಲ್‌ನ ವಾದವನ್ನು ನ್ಯಾಯವಾಗಿಯೇ ನೋಡೋಣ. ಪ್ರತಿ ಕೋರಿಕೆಯನ್ನೂ ನೋಡಬಲ್ಲ ಎಕ್ಸ್‌ಟೆನ್ಶನ್ ಬಳಕೆದಾರನ ಇಡೀ ಓಡಾಟವನ್ನು ನೋಡಬಲ್ಲದು. ಜನಪ್ರಿಯ ಎಕ್ಸ್‌ಟೆನ್ಶನ್‌ಗಳು ಬೇರೆಯವರ ಕೈಗೆ ಮಾರಾಟವಾಗಿ ಕಳ್ಳ ಕೋಡ್ ತುಂಬಿಕೊಂಡ ಪ್ರಕರಣಗಳು ನಿಜ. ಹಾಗಾಗಿ ಅಧಿಕಾರ ಕಡಿಮೆ ಮಾಡುವುದರಲ್ಲಿ ಭದ್ರತೆಯ ಲಾಭವಿದೆ. ಆದರೆ ಹೊಸ ನಿಯಮದಲ್ಲೂ ಎಕ್ಸ್‌ಟೆನ್ಶನ್ ಕೋರಿಕೆಗಳನ್ನು ನೋಡಬಹುದು; ತಡೆಯುವ ಅಧಿಕಾರವಷ್ಟೇ ಹೋಯಿತು. ಕದ್ದು ನೋಡುವವನಿಗೆ ಅಡ್ಡಿ ಆಗಲಿಲ್ಲ, ಬಾಗಿಲು ಕಾಯುವವನ ಕೈ ಕಟ್ಟಿದಂತಾಯಿತು. ಫೈರ್‌ಫಾಕ್ಸ್ ಹೊಸ ನಿಯಮಾವಳಿಯನ್ನೂ ಅಳವಡಿಸಿಕೊಂಡಿತು, ತಡೆಯುವ ಹಳೆಯ ಅಧಿಕಾರವನ್ನೂ ಉಳಿಸಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕ್ರೋಮಿಯಂ ಬಳಗದಲ್ಲಿ ಬ್ರೇವ್ ಕೆಲವೇ ಎಕ್ಸ್‌ಟೆನ್ಶನ್‌ಗಳಿಗೆ ಹಳೆಯ ಬೆಂಬಲವನ್ನು ಸ್ವಂತ ಶ್ರಮದಿಂದ ಉಳಿಸಿಕೊಳ್ಳಲು ಯತ್ನಿಸಿತು. ಮೂಲದಲ್ಲಿ ಕಿತ್ತುಹಾಕಿದ ಕೋಡನ್ನು ತನ್ನ ಕಡೆ ಜೀವಂತವಾಗಿಡುವ ಕೆಲಸ ಪ್ರತಿ ಆವೃತ್ತಿಗೂ ಭಾರವಾಗುತ್ತ ಹೋಗುತ್ತದೆ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ದೇಶದ್ದೇ ಆದ ಬ್ರೌಸರ್ ಬೇಕೆಂದು ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಸ್ಪರ್ಧೆಯೊಂದನ್ನು ಪ್ರಕಟಿಸಿತು. ಸಿ-ಡ್ಯಾಕ್ ಎಂಬ ಸರ್ಕಾರಿ ಸಂಸ್ಥೆಯ ಬೆಂಗಳೂರು ಕೇಂದ್ರ ಅದನ್ನು ನಡೆಸಿಕೊಟ್ಟಿತು. ಭಾರತದ ಪ್ರಮಾಣಪತ್ರ ಪ್ರಾಧಿಕಾರದ ಮೂಲ ಪ್ರಮಾಣಪತ್ರವನ್ನು ಬ್ರೌಸರ್ ನಂಬಬೇಕು, ಭಾರತೀಯ ಭಾಷೆಗಳಿಗೆ ಬೆಂಬಲ ಇರಬೇಕು ಎಂಬವು ಅದರ ಆಶಯಗಳಲ್ಲಿ ಸೇರಿದ್ದವು. 2025ರ ಮಾರ್ಚ್‌ನಲ್ಲಿ 1 ಕೋಟಿ ರೂಪಾಯಿಯ ಮೊದಲ ಬಹುಮಾನ ಜೋಹೊ ತಂಡಕ್ಕೆ ಹೋಯಿತು. ಆ ಕಂಪನಿಯ ಉಲಾ ಬ್ರೌಸರ್ ಕ್ರೋಮಿಯಂ ಮೇಲೆ ಕಟ್ಟಿದ್ದು. ಇದರಲ್ಲಿ ಅವಮಾನವೇನೂ ಇಲ್ಲ, ಮೈಕ್ರೋಸಾಫ್ಟ್ ಮಾಡಿದ್ದೂ ಅದನ್ನೇ. ಆದರೆ ಸ್ವಾವಲಂಬನೆಯ ಮಾತು ಬಂದಾಗ ಎಂಜಿನ್ ಯಾರದ್ದು ಎಂಬುದನ್ನು ಮರೆಯಬಾರದು. ಮೇಲಿನ ಹೊದಿಕೆ, ಖಾಸಗಿತನದ ಸೆಟ್ಟಿಂಗ್, ನಂಬುವ ಪ್ರಮಾಣಪತ್ರಗಳ ಪಟ್ಟಿ ನಮ್ಮದಾಗಬಹುದು. ವೆಬ್ ಪುಟ ಏನು ಮಾಡಬಲ್ಲದು, ಎಕ್ಸ್‌ಟೆನ್ಶನ್ ಏನು ಮಾಡಬಲ್ಲದು ಎಂಬ ತೀರ್ಮಾನ ಕ್ಯಾಲಿಫೋರ್ನಿಯಾದಲ್ಲೇ ಉಳಿಯುತ್ತದೆ. ಇಡೀ ಎಂಜಿನ್ ಬರೆಯುವುದು 1 ಕೋಟಿಯ ಕೆಲಸವಲ್ಲ, ನಿಜ. ಅದರ ಒಂದೊಂದು ಭಾಗದಲ್ಲಿ ನಮ್ಮವರು ಗಟ್ಟಿಯಾಗಿ ಕೂರಬಹುದು. ಕನ್ನಡದ ಒತ್ತಕ್ಷರ, ಅರ್ಕಾವತ್ತು, ದೀರ್ಘಗಳು ತೆರೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಕೂರುವಂತೆ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ಘಟಕ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ನಾಲ್ಕೂ ಅದನ್ನೇ ಬಳಸುತ್ತವೆ. ಅಲ್ಲಿ ತಿದ್ದಿದ ಒಂದು ದೋಷ ಎಲ್ಲ ಕಡೆಯೂ ತಿದ್ದಿದಂತೆ. ಸರ್ಕಾರದ ಹಣ ಇಂಥ ಕಡೆ ಹರಿದರೆ ಕನ್ನಡ ಓದುವ ಪ್ರತಿಯೊಬ್ಬರಿಗೂ ತಲುಪುತ್ತದೆ.

ಈಗ ಮೊಜಿಲ್ಲಾದ ಕಡೆಯ ಬಿರುಕುಗಳನ್ನೂ ನೋಡಬೇಕು, ಇಲ್ಲದಿದ್ದರೆ ಈ ವಾದ ಪಕ್ಷಪಾತವಾಗುತ್ತದೆ. 2022ರ ಲೆಕ್ಕಪತ್ರದಂತೆ ಮೊಜಿಲ್ಲಾದ ಆದಾಯ ಸುಮಾರು 59 ಕೋಟಿ ಡಾಲರ್. ಅದರಲ್ಲಿ 51 ಕೋಟಿಯಷ್ಟು ಬಂದದ್ದು ಸರ್ಚ್ ಎಂಜಿನ್ ಒಪ್ಪಂದಗಳಿಂದ, ಅಂದರೆ ಬಹುಪಾಲು ಗೂಗಲ್‌ನಿಂದ. ಗೂಗಲ್‌ಗೆ ಪರ್ಯಾಯ ಎನ್ನಿಸಿಕೊಂಡ ಬ್ರೌಸರ್ ಗೂಗಲ್‌ನ ಹಣದಲ್ಲಿ ಉಸಿರಾಡುತ್ತಿದೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಸರ್ಚ್ ಕ್ಷೇತ್ರದಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪಿತ್ತಾಗ ಹೆಚ್ಚು ನಡುಗಿದವರಲ್ಲಿ ಮೊಜಿಲ್ಲಾವೂ ಒಂದು. ಈ ಪಾವತಿ ನಿಂತರೆ ಫೈರ್‌ಫಾಕ್ಸ್ ಬಾಗಿಲು ಹಾಕಬೇಕಾಗಬಹುದು ಎಂದು ಅದರ ಹಣಕಾಸು ಮುಖ್ಯಸ್ಥರು 2025ರ ಮೇ ತಿಂಗಳಲ್ಲಿ ನ್ಯಾಯಾಲಯದಲ್ಲೇ ಹೇಳಿದರು. ಆ ವರ್ಷದ ಸೆಪ್ಟೆಂಬರ್‌ನ ಆದೇಶ ಏಕಮಾತ್ರ ಹಕ್ಕಿನ ಒಪ್ಪಂದಗಳನ್ನು ನಿಷೇಧಿಸಿತು, ಪಾವತಿಯನ್ನೇ ನಿಷೇಧಿಸಲಿಲ್ಲ. ಮೊಜಿಲ್ಲಾ ಸದ್ಯಕ್ಕೆ ಬಚಾವಾಯಿತು. ಇಂಥ ಆದಾಯದ ನೆರಳು ತೀರ್ಮಾನಗಳ ಮೇಲೆ ಬೀಳದೆ ಇರುವುದಿಲ್ಲ. 2024ರ ಜುಲೈನಲ್ಲಿ ಬಂದ 128ನೇ ಆವೃತ್ತಿಯಲ್ಲಿ ಜಾಹೀರಾತಿನ ಫಲ ಅಳೆಯುವ ವ್ಯವಸ್ಥೆಯೊಂದನ್ನು, ಗುರುತು ಮರೆಮಾಚುವ ವಿಧಾನವೆಂಬ ಭರವಸೆಯೊಡನೆ, ಬಳಕೆದಾರರನ್ನು ಕೇಳದೆಯೇ ಚಾಲೂ ಮಾಡಿದ್ದರು. ಖಾಸಗಿತನದ ಹಕ್ಕಿಗಾಗಿ ಹೋರಾಡುವ ಆಸ್ಟ್ರಿಯಾದ ನೋಯ್ಬ್ ಸಂಸ್ಥೆ ಅದರ ವಿರುದ್ಧ ದೂರು ಕೊಟ್ಟಿತು. 2025ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್‌ಗೆ ಮೊದಲ ಬಾರಿಗೆ ಬಳಕೆಯ ನಿಬಂಧನೆಗಳನ್ನು ತಂದು, ನಿಮ್ಮ ಮಾಹಿತಿಯನ್ನು ಎಂದಿಗೂ ಮಾರುವುದಿಲ್ಲ ಎಂಬ ಹಳೆಯ ಮಾತನ್ನು ತಾಣದಿಂದ ತೆಗೆದರು. ಪ್ರತಿಭಟನೆ ಎದ್ದ ಕೆಲವೇ ದಿನಗಳಲ್ಲಿ ನಿಬಂಧನೆಗಳನ್ನು ತಿದ್ದಿ ಬರೆದರು. ಮಾರಾಟ ಎಂಬುದಕ್ಕೆ ಅಮೆರಿಕದ ಕೆಲವು ರಾಜ್ಯಗಳ ಕಾನೂನು ಕೊಡುವ ವಿಶಾಲ ಅರ್ಥವೇ ಕಾರಣ ಎಂದರು. ವಿವರಣೆ ಸುಳ್ಳಲ್ಲದಿರಬಹುದು. ಆದರೂ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಸಂಸ್ಥೆ ಅದನ್ನು ಇಷ್ಟು ಸಲೀಸಾಗಿ ಖರ್ಚು ಮಾಡಬಾರದಿತ್ತು.

ಇದಕ್ಕಿಂತ ದೊಡ್ಡ ಏಟು 2020ರ ಆಗಸ್ಟ್‌ನದು. ಸುಮಾರು 250 ಮಂದಿಯನ್ನು ಮೊಜಿಲ್ಲಾ ಕೆಲಸದಿಂದ ತೆಗೆದಾಗ ಸರ್ವೊ ತಂಡವೂ ಹೋಯಿತು. ರಸ್ಟ್ ಭಾಷೆಯಲ್ಲಿ ಹೊಸ ಎಂಜಿನ್ ಕಟ್ಟುವ ಪ್ರಯೋಗ ಅದು. ರಸ್ಟ್ ಬೆಳೆದದ್ದೇ ಮೊಜಿಲ್ಲಾದ ಆಶ್ರಯದಲ್ಲಿ. ಮೆಮೊರಿ ನಿರ್ವಹಣೆಯ ತಪ್ಪುಗಳಿಂದ ಹುಟ್ಟುವ ಭದ್ರತಾ ದೋಷಗಳನ್ನು ಮೊಳಕೆಯಲ್ಲೇ ತಡೆಯುವುದು ಅದರ ಗುಣ. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57, ಕ್ವಾಂಟಮ್ ಎಂಬ ಹೆಸರಿನಲ್ಲಿ, ಒಮ್ಮೆಲೇ ಚುರುಕಾಗಲು ಸರ್ವೊದಿಂದ ತಂದ ಶೈಲಿ ಲೆಕ್ಕಹಾಕುವ ಭಾಗವೂ ಒಂದು ಕಾರಣ. ಫಲ ಕೊಡುತ್ತಿದ್ದ ಮರವನ್ನೇ ಖರ್ಚು ಉಳಿಸಲು ಕಡಿದರು. ಆದರೆ ಕೋಡ್ ಮುಕ್ತವಾಗಿದ್ದುದರಿಂದ ಸರ್ವೊ ಸಾಯಲಿಲ್ಲ. 2020ರಲ್ಲೇ ಲಿನಕ್ಸ್ ಫೌಂಡೇಶನ್ ಆಸರೆಗೆ ಬಂತು, 2023ರಿಂದ ಸ್ಪೇನ್ ಮೂಲದ ಇಗಾಲಿಯಾ ಸಹಕಾರಿ ಸಂಸ್ಥೆಯ ಎಂಜಿನಿಯರ್‌ಗಳು ಅದನ್ನು ಮತ್ತೆ ಕೈಗೆತ್ತಿಕೊಂಡರು, 2025ರ ಅಕ್ಟೋಬರ್‌ನಲ್ಲಿ 0.0.1 ಎಂಬ ಅಂಕಿ ಹೊತ್ತ ಮೊದಲ ಬಿಡುಗಡೆ ಹೊರಬಂತು. ಲೈಸೆನ್ಸ್ ಮಾಡಬಹುದಾದ ಉಪಕಾರ ಇದು, ಕೈಬಿಟ್ಟದ್ದನ್ನು ಬೇರೆಯವರು ಎತ್ತಿಕೊಳ್ಳಲು ಬಿಡುತ್ತದೆ. ನಡುವೆ ಕಳೆದುಹೋದ ವರ್ಷಗಳನ್ನು ಅದು ಹಿಂದಕ್ಕೆ ಕೊಡಲಾರದು.

ಬಳಕೆದಾರರ ಹಣದಿಂದ ನಡೆದರೆ ಏನಾಗುತ್ತದೆ ಎಂದು ತಿಳಿಯಲು ಮೊಜಿಲ್ಲಾದ ಇಮೇಲ್ ತಂತ್ರಾಂಶವಾದ ಥಂಡರ್‌ಬರ್ಡ್ ಕಡೆ ಬರಬೇಕು. 2004ರ ಡಿಸೆಂಬರ್‌ನಲ್ಲಿ, ಫೈರ್‌ಫಾಕ್ಸ್ 1.0 ಬಂದ ತಿಂಗಳೊಪ್ಪತ್ತಿನಲ್ಲಿ, ಅದರ ಮೊದಲ ಪೂರ್ಣ ಆವೃತ್ತಿ ಬಂದಿತ್ತು. ಜನ ಜಿಮೇಲ್‌ನಂಥ ವೆಬ್ ಸೇವೆಗಳತ್ತ ಸರಿಯುತ್ತಿದ್ದಾರೆ, ಇನ್ನು ಕಂಪ್ಯೂಟರ್‌ನಲ್ಲಿ ಕೂರುವ ಇಮೇಲ್ ತಂತ್ರಾಂಶಕ್ಕೆ ಭವಿಷ್ಯ ಕಡಿಮೆ ಎಂದು ಲೆಕ್ಕ ಹಾಕಿದ ಮೊಜಿಲ್ಲಾ 2012ರ ಜುಲೈನಲ್ಲಿ ಅದರ ಅಭಿವೃದ್ಧಿಯಿಂದ ಹಿಂದೆ ಸರಿಯಿತು; ಭದ್ರತಾ ತಿದ್ದುಪಡಿ ಮಾತ್ರ ಕೊಡುತ್ತೇವೆ, ಉಳಿದದ್ದು ಸ್ವಯಂಸೇವಕರದ್ದು ಎಂದಿತು. 2015ರಲ್ಲಿ ಪೂರ್ತಿ ಬೇರೆ ಮಾಡುವ ಮಾತೂ ಬಂತು. ಆ ವರ್ಷಗಳಲ್ಲಿ ಥಂಡರ್‌ಬರ್ಡ್ ಹೇಗೋ ಉಸಿರು ಹಿಡಿದುಕೊಂಡಿತ್ತು, ಬೆಳೆಯಲಿಲ್ಲ. ಸ್ವಯಂಸೇವಕರ ನಿಷ್ಠೆಯಿಂದ ತಂತ್ರಾಂಶವನ್ನು ಉಳಿಸಿಕೊಳ್ಳಬಹುದು, ಹಳೆಯ ಕೋಡಿನ ಬುನಾದಿಯನ್ನು ಬದಲಿಸುವುದು ಅಷ್ಟರಿಂದ ಆಗದು. ತಿರುವು ಬಂದದ್ದು 2020ರ ಜನವರಿಯಲ್ಲಿ, ಮೊಜಿಲ್ಲಾ ಫೌಂಡೇಶನ್ನಿನ ಅಡಿಯಲ್ಲೇ ಎಂಝಡ್‌ಎಲ್‌ಎ ಟೆಕ್ನಾಲಜೀಸ್ ಎಂಬ ಪ್ರತ್ಯೇಕ ಕಂಪನಿಗೆ ಅದನ್ನು ಒಪ್ಪಿಸಿದಾಗ. ತಂಡ ತಂತ್ರಾಂಶದೊಳಗಿಂದಲೇ ಬಳಕೆದಾರರನ್ನು ನೇರವಾಗಿ, ನಾಚಿಕೆಪಡದೆ ಹಣ ಕೇಳಿತು. 2022ರಲ್ಲಿ 64 ಲಕ್ಷ ಡಾಲರ್, 2023ರಲ್ಲಿ 86 ಲಕ್ಷ ಡಾಲರ್ ದೇಣಿಗೆ ಬಂತು. 2023ರಲ್ಲಿ ಕೊಟ್ಟವರು 3 ಲಕ್ಷಕ್ಕೂ ಹೆಚ್ಚು ಮಂದಿ, ಒಬ್ಬೊಬ್ಬರು ಕೊಟ್ಟದ್ದು ಸಣ್ಣ ಮೊತ್ತ. ಇದಕ್ಕೆ ಸರ್ಚ್ ಒಪ್ಪಂದವಿಲ್ಲ, ಜಾಹೀರಾತಿಲ್ಲ, ಯಾರ ಮೇಲ್ ಅನ್ನೂ ಓದಿ ಲಾಭ ಮಾಡುವ ಲೆಕ್ಕಾಚಾರವಿಲ್ಲ.

ಆ ಹಣ ಎಲ್ಲಿ ಹೋಯಿತು ಎಂದು ಆವೃತ್ತಿಗಳಲ್ಲೇ ಓದಬಹುದು. 2020ರ 78ನೇ ಆವೃತ್ತಿ ಎನಿಗ್‌ಮೇಲ್ ಎಂಬ ಆಡ್-ಆನ್‌ನ ಹಂಗು ತಪ್ಪಿಸಿ, ಓಪನ್‌ಪಿಜಿಪಿ ಗೂಢಲಿಪಿಯನ್ನು ತನ್ನೊಳಗೇ ತಂದುಕೊಂಡಿತು. 2023ರ ಜುಲೈನ 115ನೇ ಆವೃತ್ತಿ, ಸೂಪರ್‌ನೋವಾ, ಇಪ್ಪತ್ತು ವರ್ಷದ ಹಳೆಯ ಮುಖವನ್ನು ಬದಲಿಸಿತು. ರೂಢಿಯಾದ ಸಾಲುಗಳ ನೋಟವೇ ಬೇಕೆಂದವರಿಗೆ ಅದನ್ನೂ ಉಳಿಸಿತು. ಅಕ್ಷರ, ಸಾಲುಗಳ ದಟ್ಟಣೆಯನ್ನು ತಮಗೆ ಬೇಕಾದಂತೆ ಮಾಡಿಕೊಳ್ಳಲು ಬಿಟ್ಟಿತು. ಮೊಬೈಲ್‌ಗೆ ಬರುವಾಗ ಶೂನ್ಯದಿಂದ ಶುರು ಮಾಡಲಿಲ್ಲ: 2008ರಿಂದ ನಡೆದುಬಂದಿದ್ದ ಕೆ-9 ಮೇಲ್ ಎಂಬ ಮುಕ್ತ ಆ್ಯಪ್ 2022ರ ಜೂನ್‌ನಲ್ಲಿ ಅದರ ಬಳಗಕ್ಕೆ ಸೇರಿತು, 2024ರ ಅಕ್ಟೋಬರ್‌ನಲ್ಲಿ ಅದೇ ಬುನಾದಿಯ ಮೇಲೆ ಆಂಡ್ರಾಯ್ಡ್‌ಗೆ ಥಂಡರ್‌ಬರ್ಡ್ ಬಂತು. ಕೆ-9 ಹೆಸರೇ ಬೇಕೆನ್ನುವವರಿಗೆ ಅದೂ ಮುಂದುವರಿದಿದೆ. 2025ರ ಮಾರ್ಚ್‌ನಿಂದ ಥಂಡರ್‌ಬರ್ಡ್ ಕೂಡ ವರ್ಷಕ್ಕೊಂದರ ಬದಲು ತಿಂಗಳಿಗೊಂದು ಆವೃತ್ತಿಯನ್ನೇ ಮುಖ್ಯವಾಗಿ ಕೊಡುತ್ತಿದೆ. ಬದಲಾವಣೆ ಬೇಡದವರಿಗೆ ವರ್ಷದ ಇಎಸ್ಆರ್ ಇದ್ದೇ ಇದೆ. ಐಫೋನ್‌ಗೆ ಆ್ಯಪ್ ಸಿದ್ಧವಾಗುತ್ತಿದೆ. ಹಳೆಯದನ್ನು ಮೆಚ್ಚಿಕೊಂಡವರ ಕಾಲಡಿಯ ನೆಲ ಎಳೆಯದೆ ಹೊಸದನ್ನು ಕಟ್ಟಿದ ರೀತಿ ಇಲ್ಲಿ ಮೆಚ್ಚತಕ್ಕದ್ದು.

ಇವೆಲ್ಲಕ್ಕಿಂತ ದೊಡ್ಡ ಕೆಲಸವನ್ನು ಸಾಮಾನ್ಯ ಬಳಕೆದಾರರು ಗಮನಿಸಿರಲಾರರು. ಇಮೇಲ್‌ನ ಮೂಲ ನಿಯಮಗಳು ಯಾರೊಬ್ಬರ ಸ್ವತ್ತೂ ಅಲ್ಲ. ಮೇಲ್ ಕಳುಹಿಸುವ ಎಸ್‌ಎಂಟಿಪಿ 1982ರಿಂದ ಎಲ್ಲರಿಗೂ ಪ್ರಕಟವಾದ ನಿಯಮ. ಸರ್ವರ್‌ನಲ್ಲಿರುವ ಮೇಲ್ ನೋಡುವ ಐಮ್ಯಾಪ್ ಕೂಡ ಹಾಗೆಯೇ. ಆದರೆ ಜಗತ್ತಿನ ಕಚೇರಿಗಳ ದೊಡ್ಡ ಪಾಲು ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮೇಲೆ ನಡೆಯುತ್ತದೆ, ಅಲ್ಲಿ ಐಮ್ಯಾಪ್ ಬಾಗಿಲು ಮುಚ್ಚಿರುವುದೇ ಹೆಚ್ಚು. ಅಂಥ ಕಚೇರಿಯಲ್ಲಿ ಥಂಡರ್‌ಬರ್ಡ್ ಬಳಸಬೇಕಾದವರು ದುಡ್ಡು ಕೊಟ್ಟು ಆಡ್-ಆನ್ ಹಾಕಿಕೊಳ್ಳಬೇಕಿತ್ತು. 2025ರ ನವೆಂಬರ್‌ನ 145ನೇ ಆವೃತ್ತಿ ಎಕ್ಸ್‌ಚೇಂಜ್ ಬೆಂಬಲವನ್ನು ತನ್ನೊಳಗೇ, ರಸ್ಟ್ ಭಾಷೆಯಲ್ಲಿ ಬರೆದು ಕೊಟ್ಟಿತು. ಸದ್ಯಕ್ಕೆ ಮೇಲ್ ಮಾತ್ರ, ಕ್ಯಾಲೆಂಡರ್ ಮತ್ತು ವಿಳಾಸ ಪುಸ್ತಕ ಇನ್ನೂ ಬರಬೇಕು. ಈ ಬೆಂಬಲ ನಿಂತಿರುವುದು ಇಡಬ್ಲ್ಯುಎಸ್ ಎಂಬ ಸಂಪರ್ಕ ವಿಧಾನದ ಮೇಲೆ. ಅದನ್ನು ತನ್ನ ಕ್ಲೌಡ್ ಸೇವೆಯಲ್ಲಿ 2026ರ ಅಕ್ಟೋಬರ್‌ನಿಂದ ಮುಚ್ಚುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಸಾರಿದೆ. ಕಚೇರಿಯ ಸ್ವಂತ ಸರ್ವರ್‌ಗಳಲ್ಲಿ ಅದು ಉಳಿಯುತ್ತದೆ. ಕ್ಲೌಡ್‌ಗಾಗಿ ಗ್ರಾಫ್ ಎಂಬ ಹೊಸ ವಿಧಾನಕ್ಕೆ ತಕ್ಕಂತೆ ಮತ್ತೆ ಬರೆಯಬೇಕು. ತಂಡ ಆ ಕೆಲಸದಲ್ಲಿದೆ. ಬಾಗಿಲು ತಲುಪುವಷ್ಟರಲ್ಲಿ ಬಾಗಿಲೇ ಬೇರೆ ಕಡೆ ಹೋಗಿರುತ್ತದೆ. ಕಂಪನಿಯೊಂದರ ಸ್ವತ್ತಾದ ನಿಯಮವನ್ನು ಹಿಂಬಾಲಿಸುವ ಪ್ರತಿ ಮುಕ್ತ ತಂತ್ರಾಂಶದ ಪಾಡೂ ಇದೇ, ದೇಣಿಗೆಯ ದೊಡ್ಡ ಪಾಲು ಹೀಗೆ ಇದ್ದಲ್ಲೇ ಇರಲು ಓಡುವುದಕ್ಕೆ ಖರ್ಚಾಗುತ್ತದೆ. ಥಂಡರ್‌ಬರ್ಡ್ ಪ್ರೊ ಹೆಸರಿನಲ್ಲಿ ಸ್ವಂತ ಮೇಲ್ ಸೇವೆ, ಭೇಟಿ ನಿಗದಿ, ಕಡತ ಕಳುಹಿಸುವ ಸೇವೆಗಳನ್ನು ಹಣಕ್ಕೆ ಕೊಡುವುದಾಗಿ 2025ರಲ್ಲಿ ತಂಡ ಪ್ರಕಟಿಸಿದ್ದರ ಹಿಂದೆ ಈ ಅನುಭವವಿದೆ. ದೇಣಿಗೆಯ ತಂತ್ರಾಂಶ ವ್ಯಾಪಾರಕ್ಕಿಳಿಯಿತು ಎಂದು ಮುಖ ಸಿಂಡರಿಸುವವರಿದ್ದಾರೆ. ಸೇವೆ ಪಡೆದವನೇ ಬೆಲೆ ತೆರುವ ವ್ಯಾಪಾರದಲ್ಲಿ ತಪ್ಪು ಕಾಣುವುದಿಲ್ಲ. ಸೇವೆ ಪಡೆಯುವವನೊಬ್ಬ, ಬೆಲೆ ತೆರುವವನೊಬ್ಬ ಆದಾಗಲೇ ವೆಬ್ ಹಾಳಾದದ್ದು.

ಥಂಡರ್‌ಬರ್ಡ್‌ನಷ್ಟು ಹಣದಲ್ಲಿ ಬ್ರೌಸರ್ ಎಂಜಿನ್ ನಡೆಯದು ಎಂಬ ಆಕ್ಷೇಪ ಸರಿಯಾದದ್ದೇ. 86 ಲಕ್ಷ ಡಾಲರ್ ಎಲ್ಲಿ, 59 ಕೋಟಿ ಡಾಲರ್ ಎಲ್ಲಿ! ಥಂಡರ್‌ಬರ್ಡ್ ಸ್ವತಃ ಫೈರ್‌ಫಾಕ್ಸ್‌ನ ಗೆಕ್ಕೊ ಎಂಜಿನ್ ಮೇಲೆಯೇ ನಿಂತಿದೆ. ಗೂಗಲ್ ಹಣದಿಂದ ನಡೆಯುವ ಎಂಜಿನ್ ಇಲ್ಲದಿದ್ದರೆ ದೇಣಿಗೆಯ ಮೇಲ್ ತಂತ್ರಾಂಶವೂ ಇರುತ್ತಿರಲಿಲ್ಲ. ಹಾಗೆಂದು 59 ಕೋಟಿಯೂ ಎಂಜಿನ್‌ಗೆ ಹೋಗುತ್ತದೆ ಎಂದುಕೊಳ್ಳಬೇಕಿಲ್ಲ. 2017ರಲ್ಲಿ ಕೊಂಡ ಪಾಕೆಟ್, 2023ರಲ್ಲಿ ಕೊಂಡ ಫೇಕ್‌ಸ್ಪಾಟ್ ಎಂಬ ಬೇರೆ ಸೇವೆಗಳೆರಡನ್ನೂ ಮೊಜಿಲ್ಲಾ 2025ರ ಜುಲೈನಲ್ಲಿ ಮುಚ್ಚಿತು. ಅಷ್ಟು ಹಣ ಇಲ್ಲದೆ ಎಂಜಿನ್ ಸಾಧ್ಯವೇ ಎಂಬುದನ್ನು ಲೇಡಿಬರ್ಡ್ ಈಗ ಪರೀಕ್ಷೆಗೊಡ್ಡಿದೆ. ಆಂಡ್ರಿಯಾಸ್ ಕ್ಲಿಂಗ್ ಅವರು ತಮ್ಮ ಸೆರೆನಿಟಿಓಎಸ್ ಯೋಜನೆಯೊಳಗೆ ಶುರು ಮಾಡಿದ ಬ್ರೌಸರ್ ಇದು. ಬ್ಲಿಂಕ್, ವೆಬ್‌ಕಿಟ್, ಗೆಕ್ಕೊ ಮೂರರಿಂದಲೂ ಎಂಜಿನ್ ಎರವಲು ಪಡೆಯದೆ ಬರೆದದ್ದು. 2024ರ ಜುಲೈನಲ್ಲಿ ಗಿಟ್‌ಹಬ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ವಾನ್‌ಸ್ಟ್ರಾತ್ ಜೊತೆಗೂಡಿ ಲಾಭರಹಿತ ಸಂಸ್ಥೆ ಕಟ್ಟಿ, ಸರ್ಚ್ ಒಪ್ಪಂದದ ಹಣ ಮುಟ್ಟುವುದಿಲ್ಲ ಎಂದು ಮೊದಲೇ ಘೋಷಿಸಿದರು. ಲಿನಕ್ಸ್ ಮತ್ತು ಮ್ಯಾಕ್‌ಗಳಿಗೆ ಆಲ್ಫಾ ಆವೃತ್ತಿಯನ್ನು 2026ರಲ್ಲಿ ಕೊಡುವ ಗುರಿ ಇದೆ. ಆಲ್ಫಾ ಎಂದರೆ ಬಲ್ಲವರ ಪ್ರಯೋಗಕ್ಕೆ. ಬ್ಯಾಂಕ್ ವ್ಯವಹಾರಕ್ಕೆ ಅದನ್ನು ಯಾರೂ ನೆಚ್ಚಬಾರದು. ಆದರೆ ಬೆರಳೆಣಿಕೆಯ ಎಂಜಿನಿಯರ್‌ಗಳು ಇಷ್ಟು ದೂರ ಬಂದಿರುವುದೇ, ಹೊಸ ಎಂಜಿನ್ ಇನ್ನು ಯಾರಿಂದಲೂ ಆಗದು ಎಂಬ ಸಾರ್ವತ್ರಿಕ ನಂಬಿಕೆಗೆ ಬಿದ್ದ ಪೆಟ್ಟು.

ಎಐ ವಿಚಾರದಲ್ಲಿ ಈ ಎಲ್ಲ ಎಳೆಗಳೂ ಒಟ್ಟಿಗೆ ಸೇರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಫೈರ್‌ಫಾಕ್ಸ್ 118 ಪುಟಗಳನ್ನು ಅನುವಾದಿಸುವ ಸೌಲಭ್ಯ ತಂದಾಗ ಯಾರೂ ಮುನಿಸಿಕೊಳ್ಳಲಿಲ್ಲ. ಐರೋಪ್ಯ ಒಕ್ಕೂಟದ ನೆರವಿನ ಬರ್ಗಮಾಟ್ ಯೋಜನೆಯಲ್ಲಿ ವಿಶ್ವವಿದ್ಯಾಲಯಗಳು ಸೇರಿ ಸಿದ್ಧಪಡಿಸಿದ ಅದು ಬಳಕೆದಾರನ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಓದುತ್ತಿರುವ ಪುಟ ಯಾವ ಸರ್ವರ್‌ಗೂ ಹೋಗುವುದಿಲ್ಲ. ಮೊದಲ ಪಟ್ಟಿಯಲ್ಲಿ ಇದ್ದದ್ದೆಲ್ಲ ಯುರೋಪಿನ ಭಾಷೆಗಳು, ಭಾರತದ ಒಂದೂ ಇರಲಿಲ್ಲ ಎಂಬ ಕೊರಗು ನಮ್ಮದು. ಹಣ ಕೊಟ್ಟವರ ಭಾಷೆ ಮೊದಲು ಬಂತು ಎಂಬುದರಲ್ಲಿ ಅಚ್ಚರಿಯೇನಿಲ್ಲ. 2025ರ ಡಿಸೆಂಬರ್‌ನಲ್ಲಿ ಮೊಜಿಲ್ಲಾದ ಹೊಸ ಮುಖ್ಯಸ್ಥ ಆಂಟನಿ ಎನ್ಜರ್-ಡಿಮಿಯೊ ಫೈರ್‌ಫಾಕ್ಸ್ ಆಧುನಿಕ ಎಐ ಬ್ರೌಸರ್ ಆಗಲಿದೆ ಎಂದಾಗ ಮಾತ್ರ ಬಳಕೆದಾರರು ಸಿಡಿದೆದ್ದರು. ಎರಡರ ನಡುವಿನ ವ್ಯತ್ಯಾಸ ಸ್ಪಷ್ಟ. ಒಂದು, ಬೇಕಾದವನು ಒತ್ತಿದಾಗ ಮಾತ್ರ ಕೆಲಸ ಮಾಡುತ್ತದೆ, ಇನ್ನೊಂದು ಬ್ರೌಸರ್‌ನ ಗುರುತನ್ನೇ ಬದಲಿಸುವ ಮಾತಾಡಿತು. ಮೊಜಿಲ್ಲಾ ಮಣಿದು, ಎಐ ಸೌಲಭ್ಯಗಳನ್ನೆಲ್ಲ ಒಂದೇ ಕಡೆ ಆಫ್ ಮಾಡುವ ವ್ಯವಸ್ಥೆ ಕೊಡುವುದಾಗಿ ಹೇಳಿತು. 148ನೇ ಆವೃತ್ತಿಯಲ್ಲಿ ಅದು ಬರುವುದೆಂದು 2026ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಫೈರ್‌ಫಾಕ್ಸ್‌ನ ಇಎಸ್ಆರ್ ಮೇಲೆ ಕಟ್ಟುವ ಟಾರ್ ಬ್ರೌಸರ್ ಬಳಗ ಆಫ್ ಗುಂಡಿಗೂ ಕಾಯದೆ, ತನ್ನ 15ನೇ ಆವೃತ್ತಿಯನ್ನು ಅಣಿಮಾಡುವಾಗ ಎಐ ಭಾಗಗಳನ್ನು ಕಿತ್ತುಹಾಕಿತು. ಕೋಡ್ ಮುಚ್ಚಿದ್ದರೆ ಅದು ಆಗುತ್ತಿರಲಿಲ್ಲ, ಕೀಳಲು ಸಂಬಳದ ಎಂಜಿನಿಯರ್‌ಗಳು ಇಲ್ಲದಿದ್ದರೂ ಆಗುತ್ತಿರಲಿಲ್ಲ.

ಇಷ್ಟಾದರೂ ಉಳಿಯುವ ಆಕ್ಷೇಪ ಒಂದುಂಟು: ಫೈರ್‌ಫಾಕ್ಸ್ ಬಳಸುವವರೇ ನೂರಕ್ಕೆ ಮೂರರ ಆಸುಪಾಸು, ಥಂಡರ್‌ಬರ್ಡ್ ಕಂಡವರು ಇನ್ನೂ ಕಡಿಮೆ, ಬಹುಮತ ಕ್ರೋಮ್‌ನಲ್ಲಿ ಸುಖವಾಗಿರುವಾಗ ಇದೆಲ್ಲ ಕೆಲವರ ಹಟವಲ್ಲವೇ? ಸಂಖ್ಯೆಗೂ ಪ್ರಭಾವಕ್ಕೂ ನೇರ ಸಂಬಂಧವಿಲ್ಲ. ವೆಬ್‌ನ ನಿಯಮಗಳನ್ನು ರೂಪಿಸುವ ಮೇಜಿನ ಸುತ್ತ ಎಂಜಿನ್ ಇದ್ದವರ ಮಾತಿಗೆ ತೂಕ ಹೆಚ್ಚು. ಎಂಜಿನ್‌ಗಳ ನಡುವಿನ ವ್ಯತ್ಯಾಸ ಕಡಿಮೆ ಮಾಡಲು ವರ್ಷವರ್ಷವೂ ನಡೆಯುವ ಇಂಟರಾಪ್ ಯೋಜನೆಯಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಜೊತೆ ಮೊಜಿಲ್ಲಾ ಮತ್ತು ಇಗಾಲಿಯಾ ಕೂರುತ್ತವೆ. ಮೂರು ಎಂಜಿನ್‌ಗಳಲ್ಲಿ ಗೆಕ್ಕೊ ಹೋದರೆ ಉಳಿದೆರಡೂ ಫೋನ್ ಮಾರುವ ಕಂಪನಿಗಳವು. ಪರ್ಯಾಯ ಇರುವುದರ ಲಾಭ ಹಳೆಯ ಕಂಪ್ಯೂಟರ್‌ಗಳಲ್ಲೂ ಕಾಣುತ್ತದೆ: ವಿಂಡೋಸ್ 7ಕ್ಕೆ ಕ್ರೋಮ್ 2023ರ ಆರಂಭದ 109ನೇ ಆವೃತ್ತಿಗೇ ಬೆಂಬಲ ನಿಲ್ಲಿಸಿತು. ಫೈರ್‌ಫಾಕ್ಸ್ ಅದಕ್ಕೆಂದು ಉಳಿಸಿದ ಇಎಸ್ಆರ್ 115ರ ಗಡುವನ್ನು 2024ರಿಂದ ಒಂದಾದ ಮೇಲೊಂದರಂತೆ ಮುಂದೂಡುತ್ತ 2026ರವರೆಗೂ ಭದ್ರತಾ ತಿದ್ದುಪಡಿ ಕೊಟ್ಟಿದೆ. ಹೊಸ ಕಂಪ್ಯೂಟರ್ ಕೊಳ್ಳಲಾಗದ ಶಾಲೆಗೆ, ಸಣ್ಣ ಕಚೇರಿಗೆ ಇದರ ಬೆಲೆ ಗೊತ್ತು.

ಕನ್ನಡದ ಮಟ್ಟಿಗೆ ಮುಂದಿನ ಕೆಲಸ ಕಣ್ಣೆದುರಿಗೇ ಇದೆ. ಫೈರ್‌ಫಾಕ್ಸ್ ಕನ್ನಡದಲ್ಲಿ ಸಿಗುತ್ತದೆ. ತಿಂಗಳಿಗೊಂದು ಆವೃತ್ತಿ ಬಂದಂತೆ ಹೊಸ ವಾಕ್ಯಗಳು ಪಾಂಟೂನ್ ಎಂಬ ಅನುವಾದ ವೇದಿಕೆಗೆ ಬಂದು ಬೀಳುತ್ತವೆ, ಅನುವಾದವಾಗದೆ ಉಳಿದವು ಇಂಗ್ಲಿಷಿನಲ್ಲೇ ತೋರುತ್ತವೆ. ಈ ಕೆಲಸ ಇವತ್ತಿಗೂ ಬಿಡುವಿನ ವೇಳೆಯ ಸ್ವಯಂಸೇವಕರದ್ದು. ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳಿಗಾಗಿ ಖರ್ಚಾಗುವ ತಂತ್ರಾಂಶದ ಹಣದಲ್ಲಿ ಅಲ್ಪ ಪಾಲನ್ನು ತೆಗೆದಿಟ್ಟರೂ ಇಬ್ಬರು ಮೂವರು ಪೂರ್ಣಾವಧಿ ಅನುವಾದಕರಿಗೆ, ಹಾರ್ಫ್‌ಬಜ್ ಮತ್ತು ಅನುವಾದ ಮಾದರಿಗಳ ಮೇಲೆ ಕೂರುವ ಒಬ್ಬಿಬ್ಬರು ಎಂಜಿನಿಯರ್‌ಗಳಿಗೆ ಸಂಬಳ ಕೊಡಬಹುದು. ಇಮೇಲ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಬರೆಯುವ ನಿಯಮ 2012ರಲ್ಲೇ ಪ್ರಕಟವಾಗಿದೆ, ಕನ್ನಡದ ‘ಭಾರತ’ ಡೊಮೇನ್ ಕೂಡ ಇದೆ. ಅಂಥ ವಿಳಾಸದಿಂದ ಹೊರಟ ಕಾಗದ ಎಲ್ಲ ಸರ್ವರ್‌ಗಳನ್ನೂ ದಾಟಿ, ಎಲ್ಲ ಇನ್‌ಬಾಕ್ಸ್‌ಗಳಲ್ಲೂ ಸರಿಯಾಗಿ ತೆರೆದುಕೊಳ್ಳುವಂತೆ ಮಾಡುವ ಬೇಸರದ, ಹೆಸರು ತರದ, ವರ್ಷಗಟ್ಟಲೆಯ ದುರಸ್ತಿ ಕೆಲಸವನ್ನು ಯಾವ ಜಾಹೀರಾತು ಕಂಪನಿಯೂ ತಾನಾಗಿ ಮಾಡುವುದಿಲ್ಲ. ಅದರ ಖರ್ಚು ಆ ವಿಳಾಸ ಬೇಕಾದವರ ಕಡೆಯಿಂದಲೇ ಬರಬೇಕು.